ಕನಾತು ಹಿಡಿದ ನಾಲ್ವರು

ಹೈದರಾಬಾದಿನಲ್ಲಿ ಬಿ.ಎ. ಓದುತ್ತಿದ್ದಾಗ ನಮ್ಮ ಪ್ರೊಫೆಸರರು ಒಮ್ಮೆ ನಮ್ಮನ್ನು ಚಿತ್ರಗಳ ಪ್ರದರ್ಶನಕ್ಕೆ ಕರೆದುಕೊಂಡು ಹೋದರು. ಎಲ್ಲರೂ ಮುಗಿಬಿದ್ದು ನೋಡುತ್ತಿದ್ದ ಚಿತ್ರ ಒಂದೇ. ಹೊಳೆಯ ದಂಡೆ, ಇಳಿಬಿಸಿಲು, ಮುಸುಕು ಹಾಕಿಕೊಂಡು ನಿಂತ ಒಬ್ಬ ಹೆಂಗಸು. ಮುಖ ಕಾಣುವುದಿಲ್ಲ. ಮುಸುಕಿನ ಅಂಚು ಗಾಳಿಗೆ ಸ್ವಲ್ಪ ಎದ್ದಿದೆ. ಪ್ರೊಫೆಸರರು ಕನ್ನಡಕ ಒರೆಸಿಕೊಂಡು, ಈ ಮುಸುಕು ಜೀವಾತ್ಮ ಪರಮಾತ್ಮರ ನಡುವಿನ ಮಾಯೆ ಎಂದರು. ಕವಿತೆ ಬರೆಯುವ ಚಟವಿದ್ದ ನನ್ನ ಗೆಳೆಯ, ಅಲ್ಲ, ಅದು ಸೌಂದರ್ಯದ ರಹಸ್ಯ ಎಂದ. ಇನ್ನೊಬ್ಬ, ಅದು ಗುಲಾಮ ದೇಶದ ಗುರುತು ಎಂದು ಪಿಸುಗುಟ್ಟಿ, ಕೂಡಲೇ ಬಾಗಿಲ ಕಡೆ ನೋಡಿದ. ನನ್ನ ಸರದಿ ಬಂದಾಗ ನಾನು, "ಆಕೆ ಇನ್ನೆರಡು ಹೆಜ್ಜೆ ಇಟ್ಟರೆ ನೀರಿಗೆ ಬೀಳುತ್ತಾಳೆ" ಎಂದೆ.

ಎಲ್ಲರೂ ನಕ್ಕರು. ಪ್ರೊಫೆಸರರೂ ನಕ್ಕರು. ಆ ಹೊತ್ತಿಗೆ ನನ್ನ ಅಕ್ಕ ಮಾಂಜ್ರಾ ಹೊಳೆಗೆ ಬಿದ್ದು ನಾಲ್ಕು ತಿಂಗಳಾಗಿತ್ತು. ಅವಳನ್ನು ನೀರಿನವರೆಗೆ ನಡೆಸಿಕೊಂಡು ಹೋದವರು ನಾಲ್ವರು ಗಂಡಸರು. ಅವರಲ್ಲಿ ನಾನೊಬ್ಬ.

ನಾವು ಭಾಲ್ಕಿಯ ಕಾಳುಕಡಿ ವ್ಯಾಪಾರಿಗಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಹೆಣ್ಣು ಗಂಡೆಂಬ ಭೇದವಿಲ್ಲವೆಂದು ಬೆಳಗಿನ ಪೂಜೆಯಲ್ಲಿ ಹೇಳಿ ಊಟದ ಹೊತ್ತಿಗೆ ಮರೆಯುವ ಮನೆ. ಹೆಂಗಸರು ಪರಗಂಡಸರಿಗೆ ಮುಖ ತೋರಿಸದ ಗೋಷಾ ನಮ್ಮಲ್ಲಿ ಇರಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು ಹೆಂಗಸರು ಬಾವಿಗೂ ಹೋಗುತ್ತಿದ್ದರು, ಸಂತೆಗೂ ಹೋಗುತ್ತಿದ್ದರು. ಗೋಷಾ ಬಂದದ್ದು ಅಪ್ಪನಿಗೆ ತಹಶೀಲು ಕಚೇರಿಯಲ್ಲಿ ಕುರ್ಚಿ ಸಿಕ್ಕ ವರ್ಷ. ಅದುವರೆಗೆ ಅಲ್ಲಿ ಅಪ್ಪ ನಿಂತೇ ಮಾತಾಡುತ್ತಿದ್ದ. ಒಂದು ದಿನ ಸಾಹೇಬರು ಕೂತುಕೋ ಎಂದರಂತೆ. ಕೂತು ಬಂದವನ ಕಣ್ಣಿಗೆ ಮನೆಯ ಹೆಂಗಸರು ತಲೆಯ ಮೇಲೆ ಕೊಡ ಹೊರುವುದು ದೊಡ್ಡ ಅವಮಾನವಾಗಿ ಕಂಡಿತು. ದೇಶಮುಖರ ಮನೆಯಲ್ಲಿ ಗೋಷಾ ಇದೆ, ಜಹಗೀರದಾರರ ಮನೆಯಲ್ಲಿದೆ, ಇನ್ನು ಮೇಲೆ ನಮ್ಮಲ್ಲೂ ಇರತಕ್ಕದ್ದು ಎಂದ.

ಅಜ್ಜಿ ಶೇಂಗಾ ಸುಲಿಯುತ್ತ ಕೂತಿದ್ದಳು. "ನಮ್ಮತ್ತಿ ಎತ್ತಿನ ಹಿಂದ ಕೂರಿಗಿ ಹಿಡಕೊಂಡು ನಡದಾಕಿ" ಎಂದಳು. "ಆಕಿ ಮಾರಿ ಸೂರ್ಯ ನೋಡ್ಯಾನ, ಎತ್ತು ನೋಡ್ಯಾವ, ಊರ ಮಂದಿ ನೋಡ್ಯಾರ. ಯಾರ ಕಣ್ಣೂ ಹೋಗಿಲ್ಲ."

"ಕಾಲ ಬದಲಾಗ್ಯಾದ ಆಯಿ."

"ಕಾಲ ಎಲ್ಲಿ ಬದಲಾಗ್ಯಾದೋ, ನಿನಗ ಕುರ್ಚಿ ಸಿಕ್ಕಾದ. ಕುರ್ಚಿ ಮ್ಯಾಲ ನೀ ಕೂಡು. ಆ ಕುರ್ಚಿ ತಂದು ನಮ್ಮ ತಲಿ ಮ್ಯಾಲ ಯಾಕ ಇಡ್ತಿ?"

ಅಜ್ಜಿಯನ್ನು ಬಿಟ್ಟು ಉಳಿದವರೆಲ್ಲ ಚಾದರದೊಳಗೆ ಹೋದರು. ಅವ್ವ, ಕಾಕಿ, ಅಕ್ಕ. ಆ ಸಂಭ್ರಮಕ್ಕೆ ಅಪ್ಪ ಎಲ್ಲರನ್ನೂ ಬೀದರಿಗೆ ಕರೆದೊಯ್ದು ಫೋಟೋ ತೆಗೆಸಿದ. ಫೋಟೋದವನು ಕರಿಬಟ್ಟೆಯೊಳಗೆ ತಲೆ ತೂರಿಸಿದ. ಎದುರಿಗೆ ನಮ್ಮ ಹೆಂಗಸರು ಚಾದರದೊಳಗೆ ತಲೆ ತೂರಿಸಿದರು. ಬಂದ ಫೋಟೋದಲ್ಲಿ ಅಪ್ಪ ರುಮಾಲು ಸುತ್ತಿ ಕುರ್ಚಿಯಲ್ಲಿ ಕೂತಿದ್ದಾನೆ, ಹಿಂದೆ ಮೂರು ಗುಡಾರಗಳು ನಿಂತಿವೆ. ಯಾವ ಗುಡಾರದೊಳಗೆ ಯಾರು ಎಂಬ ಜಗಳ ನಮ್ಮ ಮನೆಯಲ್ಲಿ ಇವತ್ತಿಗೂ ತೀರಿಲ್ಲ. ನಡುವಿನವಳು ತಾನೇ ಎಂದು ಅವ್ವ ಹೇಳುತ್ತಾಳೆ, ಕಾಕಿಯೂ ಹೇಳುತ್ತಾಳೆ. ಅಕ್ಕ ನನ್ನ ಕಿವಿಯಲ್ಲಿ ಹೇಳಿದ್ದು ಬೇರೆ: "ನಡುವಿನಾಕಿ ನಾನೇ ತಮ್ಮಾ. ಒಳಗ ನಾಲಿಗಿ ಚಾಚಿ ನಿಂತಿದ್ದೆ." ಬಂದವರಿಗೆಲ್ಲ ಅಪ್ಪ ಆ ಫೋಟೋ ತೋರಿಸಿ, "ನೋಡ್ರಿ, ನಮ್ಮ ಮನಿ ಮರ್ಯಾದಿ" ಎನ್ನುತ್ತಿದ್ದ. ನಾನು ನಗು ತಡೆಯಲಾಗದೆ ಹಿತ್ತಲಿಗೆ ಹೋಗುತ್ತಿದ್ದೆ.

ಚಾದರ ಸಾಲದೆಂದು ಆಮೇಲೆ ಕನಾತು ಬಂತು. ಕನಾತು ಎಂದರೆ ಉದ್ದನೆಯ ದಪ್ಪ ಬಟ್ಟೆ. ಗೋಷಾದವರು ಗಾಡಿಯಿಂದ ಇಳಿದು ನಡೆಯಬೇಕಾದಾಗ ಎಡಕ್ಕೊಂದು ಬಲಕ್ಕೊಂದು ಬಟ್ಟೆಯನ್ನು ಗೋಡೆಯ ಹಾಗೆ ಎತ್ತಿ ಹಿಡಿಯುತ್ತಾರೆ; ನಡುವಿನ ಓಣಿಯಲ್ಲಿ ಅವರು ನಡೆಯುತ್ತಾರೆ. ಹಿಡಿದ ಗಂಡಸರು ಮುಖವನ್ನು ಹೊರಗೆ ತಿರುಗಿಸಿಕೊಂಡೇ ಹೆಜ್ಜೆ ಹಾಕಬೇಕು. ಅಪ್ಪ ಇದನ್ನು ದೇಶಮುಖರ ಮನೆಯ ಮುಂದೆ ದೂರದಿಂದ ನೋಡಿ ಕಲಿತಿದ್ದ. ಅಲ್ಲಿ ಕನಾತಿನ ಒಳಗೆ, ಹೆಂಗಸರ ಮುಂದೆ, ಮುಖ ತೆರೆದ ಒಬ್ಬ ಮುದಿ ಆಳು ಹೆಂಗಸು ದಾರಿ ನೋಡುತ್ತ ನಡೆಯುತ್ತಿದ್ದಳಂತೆ. ಇದು ನಮಗೆ ತಿಳಿದದ್ದು ಬಹಳ ತಡವಾಗಿ. ಅವಳು ಕನಾತಿನ ಒಳಗೆ ಇರುತ್ತಿದ್ದಳು, ಹೊರಗೆ ನಿಂತ ಅಪ್ಪನಿಗೆ ಕಾಣುವುದಾದರೂ ಹೇಗೆ? ಹೀಗಾಗಿ ನಮ್ಮ ಮನೆಗೆ ಬಟ್ಟೆ ಬಂತು, ಕಣ್ಣು ಬರಲಿಲ್ಲ.

ನಾನಾದರೂ ತಿಳಿದವನು. ಅದೇ ವರ್ಷ ಕಾಲೇಜಿನ ಚರ್ಚಾಕೂಟದಲ್ಲಿ ಪರದಾ ಪದ್ಧತಿಯ ವಿರುದ್ಧ ಮಾತಾಡಿ ಬಹುಮಾನ ಗೆದ್ದಿದ್ದೆ. ಮೇಜು ಗುದ್ದಿದ ಕೈ ಎರಡು ದಿನ ನೋಯುತ್ತಿತ್ತು. ಪಂಚಮಿಗೆ ಊರಿಗೆ ಬಂದಾಗ ಅಪ್ಪ "ಹಿಂದಿನ ತುದಿ ನೀ ಹಿಡಿ" ಎಂದ. ಅದೇ ಕೈಯಿಂದ ಹಿಡಿದೆ.

ಅಕ್ಕನನ್ನು ಔರಾದಿಗೆ ಕೊಟ್ಟಿತ್ತು. ಪಂಚಮಿಗೆ ತವರಿಗೆ ಬಂದವಳನ್ನು ಕರೆದೊಯ್ಯಲು ಭಾವ ಬಂದಿದ್ದ. ಭಾಲ್ಕಿಯಿಂದ ಔರಾದಿಗೆ ಹೋಗಲು ಮಾಂಜ್ರಾ ದಾಟಬೇಕು. ಮಳೆಗೆ ಹೊಳೆ ಕೆಂಪಗೆ ತುಂಬಿತ್ತು. ಗಾಡಿ ದಂಡೆಯ ಮೇಲೆ ನಿಂತಿತು. ಎಂದಿನ ಜಾಗದಲ್ಲಿ ದೋಣಿ ಇರಲಿಲ್ಲ. ಅಲ್ಲಿಯ ಮಣ್ಣನ್ನು ನೀರು ತಿಂದಿದ್ದರಿಂದ ಅಂಬಿಗ ಎಡಕ್ಕೆ ಇಪ್ಪತ್ತು ಹೆಜ್ಜೆ ದೂರ ಕಟ್ಟಿದ್ದ.

"ದೋಣಿ ಈ ಕಡಿ ಅದರಿ" ಎಂದು ಅಂಬಿಗ ಕೂಗಿದ.

"ಕಂಡದ. ನೀ ಹೊಳಿ ಕಡಿ ಮಾರಿ ಮಾಡಿ ನಿಂದರು" ಎಂದ ಭಾವ. ಅಂಬಿಗ ಪಾಪ, ತಿರುಗಿ ನಿಂತ.

ಮುಂದಿನ ತುದಿಗಳನ್ನು ಭಾವ ಮತ್ತು ನಮ್ಮ ಒಬ್ಬ ಆಳು ಹಿಡಿದರು, ಹಿಂದಿನವನ್ನು ನಾನು ಮತ್ತು ಇನ್ನೊಬ್ಬ ಆಳು. ಹೆಂಡತಿಯ ಮುಖ ಭಾವ ನೋಡದೆ ಇರುವವನೇನಲ್ಲ. ಆದರೆ ಮಂದಿಯ ಎದುರಿಗೆ ನೋಡುವುದೆಂದರೆ ಅವನಿಗೂ ನಾಚಿಕೆ. ನಾಲ್ವರೂ ಹೊರಗೆ ಮುಖ ಮಾಡಿದೆವು. ಒಳಗೆ ಅಕ್ಕ ಚಾದರವನ್ನು ಎದೆಯವರೆಗೆ ಇಳಿಬಿಟ್ಟುಕೊಂಡಿದ್ದಳು. ಹೀಗೆ ಆರು ಮಂದಿ, ಹನ್ನೆರಡು ಕಣ್ಣು, ದಾರಿಯ ಮೇಲೆ ಒಂದೂ ಇಲ್ಲ.

"ಎತ್ತ ಹೋಗಲಿ?" ಒಳಗಿನಿಂದ ಅಕ್ಕ ಕೇಳಿದಳು.

"ಮುಂದ" ಎಂದ ಭಾವ.

"ಮುಂದ ಅಂದ್ರ?"

"ಮುಂದ ಅಂದ್ರ ಮುಂದ."

ನನ್ನ ಎದುರಿಗೆ ಒಂದು ಜಾಲಿಗಿಡವಿತ್ತು. ಅದರಲ್ಲಿ ಗೀಜಗನ ಗೂಡುಗಳಿದ್ದವು, ಏಳು. ಒಂದು ಅರ್ಧಕ್ಕೇ ನಿಂತಿತ್ತು. ಆ ಗಿಡವನ್ನು ಈಗಲೂ ಕಣ್ಣುಮುಚ್ಚಿ ಬರೆಯಬಲ್ಲೆ. ನಾವು ಎಡಕ್ಕೆ ತಿರುಗಬೇಕಿತ್ತು. ತಿರುಗುವುದು ಯಾವಾಗ ಎಂದು ಹಿಂದಿನವರು ಮುಂದಿನವರನ್ನು ನಂಬಿದ್ದೆವು. ಮುಂದಿನವರು ಅಂಬಿಗನನ್ನು ನಂಬಿದ್ದರು.

ಕೆಳಗೆ ಎಮ್ಮೆಯ ಮೈ ತೊಳೆಯುತ್ತಿದ್ದ ಒಬ್ಬ ಮುದುಕಿ ನಮ್ಮನ್ನು ನೋಡಿದಳು. "ಏ ಗಂಡಸರ್ಯಾ, ಎಲ್ಲಿ ಹೊಂಟೀರಿ? ಅಲ್ಲಿ ದಂಡಿ ಪೊಳ್ಳ ಅದ."

"ಯಾರೋ ಈ ಕಡಿ ನೋಡಲತ್ತಾರರಿ" ಎಂದ ಮುಂದಿನ ಆಳು.

"ಹೆಂಗಸು ಅದಾಳ, ನೋಡಲಿ ಬಿಡು" ಎಂದ ಭಾವ.

ಅವಳು ಏನು ಹೇಳಿದಳೆಂದು ಯಾರೂ ಯೋಚಿಸಲಿಲ್ಲ. ಅವಳು ನೋಡಬಹುದೇ ಎಂಬುದಷ್ಟೇ ತೀರ್ಮಾನವಾಯಿತು. ಇನ್ನೂ ನಾಲ್ಕು ಹೆಜ್ಜೆ ನಡೆದೆವು. ಐದೂ ಇರಬಹುದು. ನೆಲ ಕುಸಿಯಿತು. ಭಾವ ಮೊಣಕಾಲೂರಿ ಬಿದ್ದ, ಅವನ ಕೈಯಲ್ಲಿದ್ದ ಕನಾತಿನ ತುದಿ ಜಾರಿಹೋಯಿತು, ನೀರಿನಲ್ಲಿ ಏನೋ ಧೊಪ್ಪೆಂದು ಬಿತ್ತು.

ಪ್ರತಿ ಸಲವೂ ನಾನು ಇಲ್ಲಿಗೆ ಬಂದು ನಿಲ್ಲುತ್ತೇನೆ. ಸದ್ದು ಕೇಳಿದ ಮೇಲೂ ನಾವು ಯಾರೂ ತಿರುಗಲಿಲ್ಲ. ನಾನೂ ತಿರುಗಲಿಲ್ಲ. ಚಾದರ ಜಾರಿರಬಹುದು, ತಲೆ ಬರಿದಾಗಿರಬಹುದು ಎಂಬುದು ಮೊದಲು ಹೊಳೆಯಿತು. ಅವಳಿಗೆ ಈಜು ಬರುವುದಿಲ್ಲ ಎಂಬುದು ಆಮೇಲೆ. ನಡುವೆ ಎಷ್ಟು ಹೊತ್ತು ಹೋಯಿತೋ ತಿಳಿಯದು. ಆ ಹೊತ್ತಿನಲ್ಲಿ ನಾನು ಗೀಜಗನ ಗೂಡುಗಳನ್ನು ನೋಡುತ್ತಿದ್ದೆ.

"ನಿಮ್ಮ ಮಾರಿಗೆ ಬೆಂಕಿ ಹಚ್ಚಲಿ, ಹಿಂದ ನೋಡ್ರೋ" ಎಂದಳು ಮುದುಕಿ.

ಆಗ ತಿರುಗಿದೆವು. ಒಂದು ಕನಾತು ಅರ್ಧ ನೀರಿನಲ್ಲಿತ್ತು. ಅದರ ಮಡಿಕೆಯಲ್ಲಿ ಒಂದು ಉಬ್ಬು ಏಳುತ್ತಿತ್ತು, ಮುಳುಗುತ್ತಿತ್ತು. ಅದು ಅಕ್ಕ. ನನ್ನ ಕೈಯಲ್ಲಿದ್ದ ಅದರ ತುದಿ ಬಿಗಿಯಾಯಿತು. ಒದ್ದೆಯಾದ ಬಟ್ಟೆ ಅಷ್ಟು ಭಾರ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನೂ ಇಬ್ಬರು ಆಳುಗಳೂ ಸೇರಿ ಎಳೆದೆವು. ಮುದುಕಿ ಒಂದು ಕೈಯಲ್ಲಿ ಎಮ್ಮೆಯ ಕೊಂಬು ಹಿಡಿದು ನೀರಿಗಿಳಿದು ಇನ್ನೊಂದು ಕೈಯಿಂದ ಆ ಉಬ್ಬನ್ನು ದಂಡೆಯ ಕಡೆ ನೂಕಿದಳು. ಮೇಲೆ ತಂದು ಹಾಕಿದಾಗ ಚಾದರ ಅಕ್ಕನ ಮೂಗು ಬಾಯಿಗೆ ಅಂಟಿಕೊಂಡಿತ್ತು, ಉಸಿರಾಡಲು ಹೋದ ಹಾಗೆಲ್ಲ ಒಳಗೆ ಸೇದಿಕೊಳ್ಳುತ್ತಿತ್ತು. ನಾವು ಗಂಡಸರು ಅದನ್ನು ಸರಿಸಬಹುದೇ ಬಾರದೇ ಎಂದು ಒಬ್ಬರ ಮುಖ ಒಬ್ಬರು ನೋಡಿದೆವು. ಇದನ್ನೂ ಬರೆದುಬಿಡುತ್ತೇನೆ. ಮುದುಕಿ ನಮ್ಮನ್ನು ಮೊಣಕೈಯಿಂದ ತಳ್ಳಿ, ಚಾದರವನ್ನು ಒಂದೇ ಸಲಕ್ಕೆ ಕಿತ್ತು ಎಸೆದಳು.

ಅಕ್ಕ ಬಹಳ ಹೊತ್ತು ಕೆಂಪುನೀರು ಕಾರಿದಳು. ಆಮೇಲೆ ಭಾವನ ಕಡೆ ನೋಡಿ, "ಮುಂದ ಅಂದ್ರಲ್ಲ" ಎಂದಳು.

ಹನ್ನೊಂದು ದಿನ ಭಾಲ್ಕಿಯಲ್ಲೇ ಜ್ವರದಿಂದ ಮಲಗಿದಳು. ಅವಳು ಉಳಿಯುತ್ತಾಳೆ ಎಂಬುದು ಖಾತ್ರಿಯಾದ ದಿನವೇ ಅಪ್ಪನಿಗೆ ಈ ಘಟನೆಯ ಅರ್ಥ ಹೊಳೆಯಿತು. "ಕನಾತು ಇತ್ತಂತ ಜೀವ ಉಳೀತು. ಬಟ್ಟಿ ಹಿಡದು ಎಳದೀರಿ. ಗೋಷಾ ಇಲ್ಲದಾಕಿ ಬಿದ್ದಿದ್ರ ಏನ ಹಿಡದು ಎಳೀತಿದ್ರಿ?"

"ಗೋಷಾ ಇಲ್ಲದಾಕಿ ಆಗಿದ್ರ ದೋಣ್ಯಾಗ ಕೂತು ಎಲಿಅಡಿಕಿ ಹಾಕ್ಕೋತಿದ್ಳು" ಎಂದಳು ಅಜ್ಜಿ.

ಪ್ರದರ್ಶನದಲ್ಲಿ ಪ್ರೊಫೆಸರರ ಮಾಯೆಯನ್ನೂ ಗೆಳೆಯನ ರಹಸ್ಯವನ್ನೂ ಕೇಳಿದಾಗ ನನಗೆ ನೆನಪಾದವನು ಅಪ್ಪ. ಬಟ್ಟೆಯ ಹೊರಗೆ ನಿಂತವರಿಗೆ ಅರ್ಥಗಳಿಗೆ ಬರವಿಲ್ಲ. ಜ್ವರ ಬಿಟ್ಟ ಮೇಲೆ ಅಕ್ಕ ಔರಾದಿಗೆ ಹೋಗಿದ್ದಳು, ನಾನು ಹೈದರಾಬಾದಿಗೆ ಬಂದಿದ್ದೆ. ಅಲ್ಲಿ ನೆಲ ನೋಡಿಕೊಂಡು ನಡೆಯುವ ಚಟ ಹತ್ತಿತು. ಚರ್ಚಾಕೂಟಕ್ಕೆ ಮತ್ತೆ ಕರೆದರು. ಗಂಟಲು ನೋವೆಂದು ಸುಳ್ಳು ಹೇಳಿದೆ.

ಮರುವರ್ಷದ ಪಂಚಮಿ ಬಂತು. ತಮ್ಮ ಬಂದರೆ ಮಾತ್ರ ಬರುತ್ತೇನೆಂದು ಅಕ್ಕ ಹೇಳಿಕಳಿಸಿದ್ದಳು. ಇಲ್ಲದಿದ್ದರೆ ತವರೇ ಬೇಡವೆಂದು ನಿರ್ಧರಿಸಿದ್ದಾಳೆಂದು ಅವ್ವ ಅತ್ತಳು. ಅಪ್ಪ ಗಾಡಿಯಲ್ಲಿ ಎರಡು ಹೊಸ ಕನಾತು ಇಟ್ಟ.

ನಾನೂ ಅದೇ ಇಬ್ಬರು ಆಳುಗಳೂ ಔರಾದಿಗೆ ಹೋಗಿ ಅಕ್ಕನನ್ನು ಕರೆದುಕೊಂಡು ಹೊರಟೆವು; ಆ ಕಡೆಯ ದಂಡೆಯವರೆಗೆ ಭಾವನೂ ಬಂದ. ಮತ್ತೆ ಅದೇ ನಾಲ್ವರು ಬಟ್ಟೆ ಎತ್ತಿದೆವು, ಮುಖ ತಿರುಗಿಸಿದೆವು. ಅಕ್ಕ ಗಾಡಿಯಿಂದ ಇಳಿದ ಸದ್ದು ಕೇಳಿತು. ನಡೆದ ಸದ್ದು ಕೇಳಲಿಲ್ಲ.

"ತಮ್ಮಾ, ಎಲ್ಲಿ ನೋಡಲತ್ತಿ?"

"ಹೊಲದ ಕಡಿ ಅಕ್ಕಾ."

"ಏನದ ಹೊಲದಾಗ?"

"ತೊಗರಿ."

"ಛಲೋ ಬಂದದೇನು?"

"ಬಂದದ."

"ಹಂಗಾರ ಅದನ್ನೇ ನೋಡ್ಕೋತ ನಿಂದರು. ನಾ ಇಲ್ಲೇ ಕೂಡ್ತೇನಿ." ಬಳೆಗಳು ಸದ್ದಾದವು. ಕೂತುಬಿಟ್ಟಳು.

"ಏಳು, ಮಂದಿ ನೋಡ್ತಾರ" ಎಂದ ಭಾವ, ಹೊಳೆಗೆ ಹೇಳುವವನ ಹಾಗೆ.

"ನೋಡಲಿ. ನಿಮ್ಮೊಳಗ ಯಾರರೆ ಒಬ್ಬರು ಈ ಕಡಿ ನೋಡೂತನಾ ಏಳಂಗಿಲ್ಲ."

ಆಳುಗಳು ಕೆಮ್ಮಿದರು. ಎತ್ತಿದ ಕೈ ಸೋಲುತ್ತ ಬಂತು, ಬಟ್ಟೆಯ ಭಾರ ಭುಜಕ್ಕಿಳಿಯಿತು. ಎಷ್ಟು ಹೊತ್ತು ಹಾಗೆ ನಿಂತೆವೋ. ಕಡೆಗೆ ನಾನು ತಿರುಗಿದೆ.

ಅಕ್ಕ ಚಾದರವನ್ನು ಹಿಂದಕ್ಕೆ ಎಸೆದು, ಕರಿಮಣ್ಣಿನ ಮೇಲೆ ಕಾಲು ಚಾಚಿ ಕೂತಿದ್ದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಳು. ಗದ್ದದ ಮೇಲೆ ಹೊಳೆಯ ಕಲ್ಲು ತರಚಿದ ಗುರುತಿತ್ತು. ಅದನ್ನು ನಾನು ಈ ಮೊದಲು ಗಮನಿಸಿರಲಿಲ್ಲ. ಬೆಪ್ಪನಂತೆ ನೋಡುತ್ತ ನಿಂತೆ.

"ನನ್ನ ಮಾರ್ಯಾಗ ಏನದ?" ಎಂದಳು. "ನೆಲಾ ನೋಡು. ದೋಣಿ ಎಲ್ಲಿ ಅದ ಹೇಳು."

"ಬಲಕ್ಕ. ಹತ್ತು ಹೆಜ್ಜಿ. ನಡುವ ಒಂದು ತೆಗ್ಗದ."

ಎದ್ದು ಸೀರೆ ಝಾಡಿಸಿಕೊಂಡಳು. ನಾನು ನನ್ನ ಕಡೆಯ ಕನಾತನ್ನು ಕೆಳಗೆ ಬಿಟ್ಟೆ. ಭಾವನ ಕಡೆಯದು ಎತ್ತಿಯೇ ಇತ್ತು; ಅವನು ಇನ್ನೂ ಹೊಳೆಯನ್ನೇ ನೋಡುತ್ತಿದ್ದ. ಹೀಗೆ ಅರ್ಧ ಗೋಷಾದಲ್ಲಿ ಅಕ್ಕ ತೆಗ್ಗು ದಾಟಿ ಹೋಗಿ ದೋಣಿ ಹತ್ತಿದಳು.