ಓವರ್‌ಸೀಯರ್ ಚಲುವರಾಜುವಿನ ಅನುಮಾನ

ಕೊತ್ತತ್ತಿಯ ಚಲುವರಾಜುವಿಗೆ ಯಾರ ಮಾತನ್ನೂ ಸುಲಭಕ್ಕೆ ನಂಬುವ ಅಭ್ಯಾಸವಿರಲಿಲ್ಲ. ಎಳನೀರು ಕೊಂಡರೆ ಕೊಚ್ಚಿಸುವ ಮುಂಚೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಬಸ್ಸಿನ ಹಣೆಯ ಮೇಲೆ ಮಳವಳ್ಳಿ ಎಂದು ಬರೆದಿದ್ದರೂ ಕಂಡಕ್ಟರನ್ನು ಕೇಳಿಯೇ ಹತ್ತುತ್ತಿದ್ದ. ಮನೆಯವರು ನಗುತ್ತಿದ್ದರು. ಆದರೆ ಅವನು ಕರೆಂಟಿನ ಲೈನ್‌ಮನ್. "ಆಫ್ ಮಾಡಿದ್ದೀವಿ, ಹತ್ತು" ಎಂದು ಯಾರೋ ಹೇಳಿದ್ದನ್ನು ನಂಬಿ ತಂತಿಗೆ ಕೈ ಹಾಕಿದವರಲ್ಲಿ ಕೆಲವರು ಮನೆಗೆ ಹಿಂತಿರುಗಿರಲಿಲ್ಲ. ಅವನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಂಬ ಹತ್ತಿ, ಮೈಮೇಲೊಂದು ಸುಟ್ಟ ಗಾಯವಿಲ್ಲದೆ ಉಳಿದದ್ದು ಈ ಅನುಮಾನದಿಂದಲೇ. ಸಬ್‌ಸ್ಟೇಷನ್ನಿಗೆ ತಾನೇ ಫೋನು ಮಾಡಿ, ಅಲ್ಲಿ ಕೂತವನ ಬಾಯಿಂದ "ಲೈನ್ ಕ್ಲಿಯರ್", ಅಂದರೆ ತಂತಿಯಲ್ಲಿ ಕರೆಂಟಿಲ್ಲ, ಎಂಬ ಮಾತು ಕೇಳಿಸಿಕೊಂಡ ಮೇಲೆಯೇ ಅವನ ಕಾಲು ನೆಲ ಬಿಡುತ್ತಿತ್ತು.

ನಲವತ್ತೆಂಟನೆಯ ವಯಸ್ಸಿಗೆ ಬಡ್ತಿ ಸಿಕ್ಕಿತು. ಮದ್ದೂರು ಕಡೆಯ ಒಂದು ಶಾಖೆಗೆ ಓವರ್‌ಸೀಯರ್. ಇನ್ನು ಮೇಲೆ ಕಂಬ ಹತ್ತುವ ಕೆಲಸವಲ್ಲ, ಹತ್ತಿಸುವ ಕೆಲಸ. ಅಲ್ಲಿ ಮೊದಲಿದ್ದ ಓವರ್‌ಸೀಯರ್ ರಘುನಂದನ್‌ನನ್ನು ಇದ್ದಕ್ಕಿದ್ದಂತೆ ದೂರದ ಇನ್ನೊಂದು ಶಾಖೆಗೆ ಎತ್ತಿಹಾಕಿದ್ದರು. ಕೆಲಸ ವಹಿಸಿಕೊಳ್ಳುವ ಮುನ್ನಾ ದಿನ ಅವನೇ ಫೋನು ಮಾಡಿ ಮದ್ದೂರಿನ ಹೋಟೆಲೊಂದಕ್ಕೆ ಕರೆದ. ಇಬ್ಬರ ಮುಂದೆಯೂ ವಡೆ, ಕಾಫಿ ಬಂದವು.

"ಕೆಲ್ಸ ಗೊತ್ತಿರೋರೇ ಕಣಪ್ಪ ಎಲ್ರೂವೆ," ಎಂದ ರಘುನಂದನ್, ದನಿ ತಗ್ಗಿಸಿ. "ಆದ್ರೆ ಆ ಗುಂಪಲ್ಲಿ ಒಬ್ಬ ಅವ್ನೆ. ನೀನು ಇಲ್ಲಿ ಕೆಮ್ಮುದ್ರೆ ಅಲ್ಲಿ ಆಪೀಸರ್ ಮೇಡಂಗೆ ಕೇಳುಸ್ತದೆ. ನನ್ನ ಎತ್ತಾಕ್ಸಿದ್ದೂ ಅವ್ನೇಯ."

"ಯಾರು?"

"ನಾ ಎಸ್ರು ಏಳಲ್ಲ. ಫೋನು ಬಂದೇಟ್ಗೆ ಎದ್ದು ಅತ್ಲಾಗೆ ಓಗೋನ್ನ ನೋಡ್ಕೊ, ಸಾಕು."

ಯಾರ ಮಾತನ್ನೂ ನಂಬದ ಚಲುವರಾಜು ಇದೊಂದು ಮಾತನ್ನು ಮಾತ್ರ ತಿರುವಿ ನೋಡದೆ ನಂಬಿದ.

ಮಾರನೆಯ ದಿನ ಆಫೀಸಿನ ಹಿಂದಿನ ಹೊಂಗೆಮರದ ಕೆಳಗೆ ಲೈನ್‌ಮನ್‌ಗಳು ಸೇರಿದ್ದರು. ಅವರಲ್ಲಿ ಹಿರಿಯ ಮಹದೇವು. ಮಾತಿಗೊಂದು ನಗು ಸೇರಿಸುವ ಮನುಷ್ಯ. ಅವನ ಪಕ್ಕದಲ್ಲಿ ಯತೀಶ, ಮಳವಳ್ಳಿಯವನು, ಮೂವತ್ತರ ಆಸುಪಾಸು, ಕೇಳಿದ್ದಕ್ಕಷ್ಟೇ ಉತ್ತರ. ಚಲುವರಾಜು ಮಾತು ಶುರು ಮಾಡುವಷ್ಟರಲ್ಲಿ ಯತೀಶನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಅವನು ಎದ್ದು ಕಾಂಪೌಂಡಿನ ಮೂಲೆಗೆ ಹೋಗಿ, ಬೆನ್ನು ತಿರುಗಿಸಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಾತಾಡಿದ.

ಸಿಕ್ಕಿದ, ಎಂದುಕೊಂಡ ಚಲುವರಾಜು.

ಅಂದಿನಿಂದ ಅವನ ಕಣ್ಣು ಯತೀಶನ ಮೇಲೆಯೇ. ದೂರದ ಹಳ್ಳಿಯ ದೂರುಗಳಿಗೆ ಅವನನ್ನೇ ಅಟ್ಟಿದ. ನಾಳೆಯ ಕೆಲಸ ಎಲ್ಲಿ ಎಂಬುದನ್ನು ಉಳಿದವರಿಗೆ ಸಂಜೆಯೇ ಹೇಳಿದರೆ ಅವನಿಗೆ ಬೆಳಿಗ್ಗೆ ಹೇಳಿದ. ಅವನು ಹತ್ತಿರ ಬಂದರೆ ಮಾತು ನಿಲ್ಲಿಸಿದ. ಸಬ್‌ಸ್ಟೇಷನ್ನಿನ ಜೊತೆ ಮಾತಾಡುವ ಕೆಲಸವನ್ನು ಪೂರಾ ತನ್ನ ಕೈಯಲ್ಲೇ ಇಟ್ಟುಕೊಂಡ. ಯಾರೂ ಏನೂ ಎದುರಾಡಲಿಲ್ಲ. ಆದರೆ ಹೊಂಗೆಮರದ ಕೆಳಗಿನ ನಗು ಕಡಿಮೆಯಾಗುತ್ತಾ ಬಂತು. ಚಲುವರಾಜು ಬಂದ ಕೂಡಲೇ ಮಹದೇವು ಕೂಡ ಬೀಡಿ ಆರಿಸಿ ಎದ್ದುಬಿಡುತ್ತಿದ್ದ. ಇವನೂ ಸೇರಿದ್ದಾನೋ ಹೇಗೆ ಎಂದು ಅವನ ಮೇಲೂ ಒಂದು ಅನುಮಾನ ಹುಟ್ಟಿತು.

ಕೊನೆಗೆ ಒಂದು ಗಾಳ ಹಾಕಿದ. ಯತೀಶನೊಬ್ಬನಿಗೇ ಕೇಳಿಸುವಂತೆ, "ಸೋಮವಾರ ನಾ ಬರಲ್ಲ ಕಣ್ಲಾ, ರಜ," ಎಂದ. ಅದು ಸುಳ್ಳು. ಆ ಸುದ್ದಿ ಶಾಖಾಧಿಕಾರಿ ಶಾಲಿನಿ ಮೇಡಂ ಕಿವಿಗೆ ಮುಟ್ಟುತ್ತದೋ ಇಲ್ಲವೋ ನೋಡಬೇಕಿತ್ತು. ಸಂಜೆ ಮೇಡಂ ಎದುರಿಗೆ ಸಿಕ್ಕರು.

"ಚಲುವರಾಜು, ಸೋಮವಾರ ರಜೆ ಏನಾದ್ರೂ ಇದೆಯಾ ನಿಮ್ಗೆ?"

"ಇಲ್ಲ ಮೇಡಂ. ಯಾಕೆ?"

"ಮಂಡ್ಯದಲ್ಲಿ ತರಬೇತಿ ಇದೆ. ಹೊಸದಾಗಿ ಬಡ್ತಿ ಆದವರೆಲ್ಲ ಹೋಗ್ಬೇಕು."

ಮೇಡಂ ಕೇಳಿದ್ದು ತರಬೇತಿಗಾಗಿ. ಅವನ ಕಿವಿಗೆ ಬಿದ್ದದ್ದು ರಜೆ ಎಂಬ ಮಾತು ಮಾತ್ರ. ಇನ್ನೇನು ಸಾಕ್ಷಿ ಬೇಕು?

ಸೋಮವಾರ ಮಂಡ್ಯದ ಒಂದು ಸಭಾಂಗಣದಲ್ಲಿ ಹಿಂದಿನ ಸಾಲಿನ ಕುರ್ಚಿ ಹಿಡಿದು ಕೂತ. ತನ್ನನ್ನು ಯಾಕೆ ಕಳಿಸಿದರು, ಇಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದೇ ತಲೆಯಲ್ಲಿ ಓಡುತ್ತಿತ್ತು. ತರಬೇತಿ ಕೊಡಲು ಬಂದ ಕೃಷ್ಣಪ್ರಸಾದ್ ಎಂಬುವವರು ಮೆತ್ತಗೆ ಮಾತಾಡುವ ಮನುಷ್ಯ.

"ನಿಮ್ಮ ಕೈಕೆಳಗಿನವರು ನಿಮ್ಮ ಮುಂದೆ ಸುಮ್ಮನಿದ್ದಾರೆ ಅಂದ್ರೆ ಎಲ್ಲ ಸರಿಯಿದೆ ಅಂತಲ್ಲ," ಎಂದರು ಅವರು. "ನೀವು ಅವರಿಗೆ ಆಜ್ಞೆ ಮಾಡದೆ, ಸುಮ್ಮನೆ ಏನಾದ್ರೂ ಕೇಳಿದ್ದು ಯಾವಾಗ? ನೆನಪು ಮಾಡ್ಕೊಳ್ಳಿ."

ಹಾಗೆನ್ನುವಾಗ ಅವರ ನೋಟ ಹಿಂದಿನ ಸಾಲಿನತ್ತ ಬಂತು. ಇವರಿಗೂ ಮೇಡಂ ಹೇಳಿಯೇ ಕಳಿಸಿದ್ದಾರೆ ಎಂದು ಚಲುವರಾಜು ತಲೆ ತಗ್ಗಿಸಿದ.

ಮನೆಗೆ ಬಂದವನು ಊಟದ ಮುಂದೆ ಕೂತು ಹೆಂಡತಿ ಇಂದ್ರಮ್ಮನಿಗೆ ಎಲ್ಲವನ್ನೂ ಹೇಳಿದ. ಅವಳು ಮುದ್ದೆ ಇಟ್ಟು ಸಾರು ಬಿಡುತ್ತಾ ಕೇಳಿಸಿಕೊಂಡಳು.

"ಅವನ್ನೇ ಕರ್ದು ಕೇಳ್ಬುಡಿ ಮತ್ತೆ."

"ಕಳ್ಳನ್ನ ಕರ್ದು ನೀನು ಕಳ್ನಾ ಅಂತ ಕೇಳುದ್ರೆ ಊಂ ಅಂದಾನಾ?"

"ಅವ್ನು ಏನ್ ಕದ್ದವ್ನೆ?"

ಚಲುವರಾಜುವಿಗೆ ಸಿಟ್ಟು ಬಂತು. ಅರ್ಧ ಮುದ್ದೆ ಬಿಟ್ಟು ಎದ್ದ.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಜೋರು ಗಾಳಿ ಎದ್ದು ಹನಕೆರೆ ಕಡೆಯ ಕಬ್ಬಿನ ಗದ್ದೆಗಳ ನಡುವೆ ಹಾದುಹೋಗುವ ದೊಡ್ಡ ಲೈನು ಕೆಟ್ಟಿತು. ಕಂಬದ ತುದಿಯಲ್ಲಿ ಎರಡು ತಂತಿಗಳನ್ನು ಬೆಸೆಯುವ ತುಂಡು ಕಿತ್ತುಕೊಂಡು ನೇತಾಡುತ್ತಿತ್ತು. ಗಾಳಿ ನಿಂತ ಮೇಲೆ ಚಲುವರಾಜು, ಮಹದೇವು, ಯತೀಶ ಮತ್ತಿಬ್ಬರು ಅಲ್ಲಿಗೆ ಹೋದರು. ಬದುವಿನ ಮೇಲೆ ಆಗಲೇ ರೈತರು ನಿಂತಿದ್ದರು.

ಚಲುವರಾಜು ಬೇರೆಯಾಗಿ ನಿಂತು ಸಬ್‌ಸ್ಟೇಷನ್ನಿಗೆ ಫೋನು ಮಾಡಿದ. ಆ ಲೈನನ್ನು ಕತ್ತರಿಸುವ ಸ್ವಿಚ್ಚು ಗದ್ದೆಯಾಚೆ, ನಾಲೆ ಏರಿಯ ಪಕ್ಕದ ಕಂಬದಲ್ಲಿತ್ತು. ಕೆಳಗಿನ ಹಿಡಿ ಎಳೆದರೆ ಮೇಲೆ ತಂತಿ ಬಿಟ್ಟುಕೊಳ್ಳುತ್ತದೆ. ಅದನ್ನೂ ತಾನೇ ಹೋಗಿ ಎಳೆದು ಬಂದ.

"ಲೈನ್ ಕ್ಲಿಯರ್ ತಗಂಡಿವ್ನಿ. ಯತೀಸ, ಅತ್ತು."

ಯತೀಶ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡ. ಕಂಬದ ಬುಡಕ್ಕೆ ಬಂದು ನಿಂತ. ಹತ್ತಲಿಲ್ಲ.

"ಸಾ, ಒಂದ್ಸಲ ನಾನೇ ಸಬ್‌ಸ್ಟೇಷನ್ಗೆ ಮಾತಾಡ್ತೀನಿ."

"ನಾ ಏಳಿದ್ದು ಸಾಲ್ದಾ?"

"ಅತ್ತೋನು ನಾನು ಸಾ. ನನ್ ಕಿವೀಲಿ ಕೇಳ್ಬೇಕು."

ರೈತರ ಮುಂದೆ ಚಲುವರಾಜುವಿನ ಮುಖ ಕೆಂಪಾಯಿತು. ಬೇಕೆಂದೇ ಗಲಾಟೆ ಎಬ್ಬಿಸಿ ಮೇಡಂಗೆ ಇನ್ನೊಂದು ಸುದ್ದಿ ಮುಟ್ಟಿಸುವ ಉಪಾಯ ಇದು ಎನಿಸಿತು. "ಫೋನು ಗೀನು ಏನೂ ಬ್ಯಾಡ. ಅತ್ತೀಯಾ, ಇಲ್ವಾ?"

"ನನ್ನ ಮ್ಯಾಲೆ ನಿಮ್ಗೆ ನಂಬ್ಕೆ ಇಲ್ಲ ಸಾ. ಅದು ನಂಗೂ ಗೊತ್ತು, ಇವರ್ಗೂ ಗೊತ್ತು. ನನ್ನ ನಂಬ್ದೆ ಇರೋರ ಮಾತ್ನ ನಂಬಿ ನಾ ಎಂಗೆ ತಂತಿ ಮುಟ್ಲಿ?"

ಚಲುವರಾಜು ಮಹದೇವುವಿನ ಕಡೆ ತಿರುಗಿದ. "ನೀನು ಅತ್ತಪ್ಪ." ಮಹದೇವು ನೆಲ ನೋಡಿದ. ಉಳಿದಿಬ್ಬರೂ ಕದಲಲಿಲ್ಲ.

ಚಲುವರಾಜು ಬೆಲ್ಟು ಕಸಿದುಕೊಂಡು ತನ್ನ ಸೊಂಟಕ್ಕೆ ಕಟ್ಟಿಕೊಂಡ. ಉದ್ದನೆಯ ಕೋಲಿನಿಂದ ತಂತಿಗೆ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಸರಪಳಿ ಸಿಕ್ಕಿಸಿದ. ಕಿಡಿ ಬರಲಿಲ್ಲ, ಲೈನು ಸತ್ತಿತ್ತು. ಹತ್ತತೊಡಗಿದ. ಅಭ್ಯಾಸ ತಪ್ಪಿತ್ತು. ತುದಿ ಮುಟ್ಟಿ, ಬೆಲ್ಟು ಬಿಗಿದು, ಕಿತ್ತ ತುಂಡನ್ನು ಕೈಗೆತ್ತಿಕೊಂಡಾಗ ಒಮ್ಮೆ ಕೆಳಗೆ ನೋಡಿದ. ಮಹದೇವು ಇದ್ದ, ಇನ್ನಿಬ್ಬರು ಇದ್ದರು. ಯತೀಶ ಇರಲಿಲ್ಲ.

ಕಬ್ಬಿನ ಮೇಲಿಂದ ಕಣ್ಣು ಹಾಯಿಸಿದ. ನಾಲೆ ಏರಿಯ ಪಕ್ಕದ ಕಂಬದ ಹತ್ತಿರ ಯತೀಶ ನಿಂತಿದ್ದ. ಒಂದು ಕೈ ಸ್ವಿಚ್ಚಿನ ಹಿಡಿಯ ಮೇಲೆ. ಇನ್ನೊಂದು ಕೈಯಲ್ಲಿ ಫೋನು, ಕಿವಿಗೆ ಒತ್ತಿಕೊಂಡು.

ಸರಪಳಿ ಇದೆ, ನಿಜ. ಆದರೂ ಮೇಲೊಬ್ಬನಿರುವಾಗ ಕೆಳಗೊಬ್ಬ ಸ್ವಿಚ್ಚು ಹಾಕಿದರೆ ಏನಾಗಬಹುದು ಎಂಬುದನ್ನು ಚಲುವರಾಜು ಕಂಡಿದ್ದ. ಯಾರ ಜೊತೆ ಮಾತಾಡುತ್ತಿದ್ದಾನೆ? ಸಬ್‌ಸ್ಟೇಷನ್ನಿನ ಜೊತೆಯೇ? ಕೂಗಿದರೆ ಅಲ್ಲಿಗೆ ಕೇಳಿಸದು. ಇಳಿಯಲು ಒಂದು ಕಾಲು ಕೆಳಗಿಟ್ಟ. ಮತ್ತೆ ನೋಡಿದ. ಟವೆಲ್ಲು ಹೆಗಲಿಗೆ ಹಾಕಿದ ರೈತನೊಬ್ಬ ಆ ಕಂಬದತ್ತ ಬಂದು ಕೈ ಆಡಿಸಿ ಏನೋ ಜೋರು ಮಾಡಿದ. ಯತೀಶ ಫೋನು ಜೇಬಿಗಿಟ್ಟು ಎರಡೂ ಕೈಯಿಂದ ಹಿಡಿಯನ್ನು ತಬ್ಬಿ ನಿಂತ. ರೈತ ಅವನ ತೋಳು ಎಳೆದ. ಯತೀಶ ಬಿಡಲಿಲ್ಲ. ಕೊನೆಗೆ ರೈತ ಬೈದುಕೊಂಡು ಹೊರಟ.

ಚಲುವರಾಜು ಕಾಲನ್ನು ಮೇಲೆ ತೆಗೆದುಕೊಂಡ. ಕೆಲಸ ಮುಗಿಸುವವರೆಗೂ ಆ ಕಡೆಯಿಂದ ಕಣ್ಣು ಪೂರ್ತಿ ಕೀಳಲಾಗಲಿಲ್ಲ. ಅನುಮಾನ ಒಮ್ಮೆಗೇ ಇಳಿದುಹೋಗುವಂಥದ್ದಲ್ಲ.

ಇಳಿದು, ಸರಪಳಿ ಬಿಡಿಸಿಟ್ಟು, ನೇರ ನಾಲೆ ಏರಿಗೆ ನಡೆದ. "ಇಲ್ಲಿಗ್ಯಾಕ್ ಬಂದ್ಯಲಾ?"

"ನೀವು ಮ್ಯಾಲಿದ್ರಲ್ಲ ಸಾ. ಆವಯ್ಯ ಸ್ವಿಚ್ಚು ಆಕೇ ಆಕ್ತೀನಿ ಅಂತ ಬಂದಿದ್ದ. ಮೋಟ್ರು ಓಡ್ಬೇಕಂತೆ."

"ಫೋನು ಯಾರ್ದು?"

ಯತೀಶ ಫೋನಿದ್ದ ಜೇಬು ಮುಟ್ಟಿಕೊಂಡ. "ನಮ್ಮವ್ವಂದು. ನಮ್ಮಣ್ಣ ಗುತ್ತಿಗೆ ಕೆಲ್ಸದಲ್ಲಿ ಕಂಬದ ಮ್ಯಾಲೇ ಸತ್ತೋದ ಸಾ. ಅವತ್ತಿಂದ ದಿನಾ ಫೋನ್ ಮಾಡಿ ಕಂಬ ಅತ್ತಿದ್ದೀಯಾ ಅಂತ ಕೇಳ್ತದೆ. ಇಲ್ಲ ಕಣವ್ವ, ಆಪೀಸಲ್ಲಿ ಕುಂತಿವ್ನಿ ಅಂತೀನಿ. ನಿಮ್ಮೆಲ್ರ ಮುಂದೆ ಎಂಗಂಗೆ ಸುಳ್ಳೇಳ್ಲಿ? ಅದ್ಕೇ ಅತ್ಲಾಗೆ ಓಯ್ತೀನಿ."

ಚಲುವರಾಜು ಏರಿಯ ಮೇಲೆ ಕೂತುಬಿಟ್ಟ. ಅಷ್ಟರಲ್ಲಿ ಮಹದೇವು ಬಂದು ಸೇರಿದ. ಕೇಳಬೇಕೆಂದಿದ್ದ ಪ್ರಶ್ನೆ ಕೊನೆಗೂ ಬಾಯಿಗೆ ಬಂತು. "ರಗುನಂದನ್ನ ಮ್ಯಾಲೆ ಮೇಡಂಗೆ ಏಳಿದ್ದು ಯಾರು?"

"ಒಬ್ರಲ್ಲ ಸಾ," ಎಂದ ಮಹದೇವು. "ನಾವೆಲ್ಲಾ ಒಟ್ಗೇ ಓಗಿದ್ದೋ. ಲೈನ್ ಕ್ಲಿಯರ್ ತಗಳ್ದೇನೇ ತಗಂಡಿವ್ನಿ ಅಂತ ಸುಳ್ಳೇಳಿ ಇವನ್ನ ಕಂಬ ಅತ್ತುಸ್ಬುಟ್ಟಿದ್ದ. ಇವ್ನು ಮ್ಯಾಲೆ ಓಗಿ ಟೆಸ್ಟರ್ ಇಡ್ದು ನೋಡ್ದ, ಉಳ್ಕಂಡ. ಅದನ್ನ ನೀವು ಯಾವತ್ತೂ ಕೇಳ್ಳೇ ಇಲ್ಲ."

ಹೌದು, ಕೇಳಿರಲಿಲ್ಲ. ಹೇಳಿದವನು ಯಾರು ಎಂದು ತಿಂಗಳುಗಟ್ಟಲೆ ಹುಡುಕಿದವನು, ಹೇಳಿದ್ದು ಏನು ಎಂದು ಒಂದು ಸಲವೂ ಕೇಳಿರಲಿಲ್ಲ. ಯತೀಶ ಇವತ್ತು ಕಂಬದ ಬುಡದಲ್ಲಿ ನಿಂತು ಕೇಳಿದ್ದು ತಾನು ಪ್ರತಿ ಸಲವೂ ಕೇಳುತ್ತಿದ್ದುದನ್ನೇ. ತನ್ನಲ್ಲಿ ಹುಷಾರು ಎನಿಸಿಕೊಂಡದ್ದು ಅವನಲ್ಲಿ ಸೊಕ್ಕಾಗಿ ಕಂಡಿತ್ತು.

"ತಪ್ಪಾಯ್ತು ಕಣ್ಲಾ," ಎಂದ. ಯತೀಶ ತಲೆಯಾಡಿಸಿದ. ಅವನ ಮುಖದ ಬಿಗಿ ಸಡಿಲಾಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಚಲುವರಾಜು ಶಾಲಿನಿ ಮೇಡಂ ಕೋಣೆಗೆ ಹೋಗಿ, ನಡೆದದ್ದನ್ನು ಬೇರೆಯವರು ಹೇಳುವ ಮೊದಲು ತಾನೇ ಹೇಳಿದ. ಜೊತೆಗೆ ಒಂದು ಬೇಡಿಕೆ ಇಟ್ಟ: ಸ್ವಿಚ್ಚಿನ ಹಿಡಿಗಳಿಗೆ ಹಾಕಲು ಬೀಗಗಳು ಬೇಕು. ಬೀಗ ಬಂದವು. ಅಂದಿನಿಂದ ಹತ್ತುವವನೇ ಸಬ್‌ಸ್ಟೇಷನ್ನಿನ ಜೊತೆ ಮಾತಾಡಬೇಕು, ಹತ್ತುವವನೇ ಸ್ವಿಚ್ಚಿಗೆ ಬೀಗ ಹಾಕಬೇಕು, ಕೀಲಿ ಅವನ ಜೇಬಿನಲ್ಲೇ ಇರಬೇಕು. "ನನ್ನ ನಂಬ್ಬೇಡಿ," ಎಂದ ಹೊಂಗೆಮರದ ಕೆಳಗೆ. "ಬೀಗ ಎಳ್ದು ನೋಡಿ, ಆಮ್ಯಾಕೆ ಅತ್ತಿ."

ಗುಂಪು ಒಂದೇ ದಿನಕ್ಕೆ ಸರಿಹೋಗಲಿಲ್ಲ. ಮಹದೇವು ಮತ್ತೆ ಮೊದಲಿನಂತೆ ನಗಲು ಮಳೆಗಾಲ ಕಳೆಯಿತು. ಯತೀಶ ಬಹಳ ದಿನ ಅಂತರದಲ್ಲೇ ಇದ್ದ. ಚಲುವರಾಜುವೂ ಬದಲಾಗಿಬಿಟ್ಟ ಎನ್ನುವಂತಿಲ್ಲ. ಇಬ್ಬರು ಗುಸುಗುಸು ಮಾತಾಡಿದರೆ ಅವನ ಕಿವಿ ಈಗಲೂ ನಿಮಿರುತ್ತದೆ. ಆದರೆ ಒಳಗೇ ಇಟ್ಟುಕೊಂಡು ಕೊಳೆಸುವುದನ್ನು ಬಿಟ್ಟ, ಎದುರಿಗೇ ಕೇಳುವುದನ್ನು ಕಲಿತ. ಕೇಳಿದಾಗ ಹೆಚ್ಚಿನ ಸಲ ಸಿಗುವುದು ಹೆಂಡತಿ ಮಕ್ಕಳ ಸುದ್ದಿ, ಇಲ್ಲವೇ ಅವನದೇ ಒಂದು ತಪ್ಪು. ಎರಡನ್ನೂ ಕೇಳಿಸಿಕೊಳ್ಳುತ್ತಾನೆ.

ಹೋದ ವರ್ಷ ಯತೀಶ ತಾಯಿಯ ಹತ್ತಿರ ಇರಲೆಂದು ಮಳವಳ್ಳಿಗೆ ವರ್ಗ ಕೇಳಿದಾಗ ಚಲುವರಾಜುವೇ ಮೇಡಂ ಬಳಿ ನಿಂತು ಮಾಡಿಸಿಕೊಟ್ಟ. ಆ ಜಾಗಕ್ಕೆ ಸ್ವರೂಪ್ ಎಂಬುವವನು ಬಂದ. ಮಾತು ಕಡಿಮೆ, ಎಲ್ಲವನ್ನೂ ಓರೆಗಣ್ಣಿನಲ್ಲಿ ನೋಡುತ್ತಿದ್ದ. ಚಲುವರಾಜುವಿನ ತಲೆಯಲ್ಲಿ ಹಳೆಯ ಹುಳ ಮತ್ತೆ ಮಿಸುಕಿತು. ಅರ್ಧ ದಿನ ತಡೆದು, ಆಮೇಲೆ ಕರೆದು ಕೇಳಿಯೇಬಿಟ್ಟ.

"ನನ್ ಬಗ್ಗೆ ಯಾರಾದ್ರೂ ಏನಾದ್ರೂ ಏಳವ್ರಾ ನಿಂಗೆ?"

"ಏಳವ್ರೆ ಸಾ."

"ಏನಂತ?"

"ಬಾಳ ಅನುಮಾನದ ಮನ್ಸ ಅಂತ."

"ಸುಳ್ಳಲ್ಲ ಕಣಪ್ಪ ಅದು," ಎಂದು ನಕ್ಕ ಚಲುವರಾಜು, ಬೈಕಿನ ಕಡೆ ಹೊರಟ.