ಅಕ್ಕನಿಗೆ ಹಾಲು ಬಿಡದ ಎಮ್ಮೆ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನು ನಂಬುವ ಹೆಂಗಸಲ್ಲ. ಬಳ್ಳಾರಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಹಲ್ಲಿ ಲೊಚಗುಟ್ಟಿತೆಂದು ಹೊರಟ ಕಾಲು ಹಿಂದಕ್ಕೆ ಇಡುವವರನ್ನು, ಬೆಕ್ಕು ಅಡ್ಡ ಬಂತೆಂದು ಬಸ್ಸು ಬಿಟ್ಟು ಕೂರುವವರನ್ನು ಕಂಡರೆ ನನ್ನ ನಾಲಿಗೆ ಸುಮ್ಮನಿರುತ್ತಿರಲಿಲ್ಲ. ಈಗಲೂ ಯಾರಾದರೂ ದೆವ್ವ ಕಂಡೆ ಎಂದು ಬಂದರೆ, ಮೊದಲು ಊಟ ಮಾಡಿದೆಯಾ ಎಂದು ಕೇಳುತ್ತೇನೆ. ಅಂಥವಳು ಇದನ್ನು ಬರೆಯಲು ಕುಳಿತಿದ್ದೇನೆಂದರೆ, ಇಷ್ಟು ವರ್ಷ ಒಳಗೊಳಗೇ ಇದರ ಜೊತೆ ಜಗಳವಾಡಿ ಸಾಕಾಗಿದೆ, ಅಷ್ಟೇ.

ನನ್ನ ಅಕ್ಕ ಗಂಗಮ್ಮನನ್ನು ಸಿರುಗುಪ್ಪ ತಾಲ್ಲೂಕಿನ ದೇಶನೂರಿಗೆ ಕೊಟ್ಟಿತ್ತು. ಅವ್ವ ಬೇಗ ಹೋದಳು. ನನ್ನನ್ನು ಸಾಕಿ, ಓದಿಸಿ, ನೌಕರಿಗೆ ಹಚ್ಚಿದವಳು ಅಕ್ಕನೇ. ಅವಳಿಗೆ ಕಾಲುವೆ ನೀರಿನ ಭತ್ತದ ಗದ್ದೆ ಇತ್ತು, ಕೊಟ್ಟಿಗೆಯಲ್ಲಿ ಎಮ್ಮೆ ಇತ್ತು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಗಂಡ ಇದ್ದ. ಚಟವೆಂದರೆ ಒಂದೇ, ಎಲೆ ಅಡಿಕೆಯ ಜೊತೆ ತಂಬಾಕು ಸೇರಿಸಿ ದವಡೆಗೆ ಒತ್ತಿಕೊಳ್ಳುವುದು. ರಾತ್ರಿ ಮಲಗುವಾಗಲೂ ಅದು ಅಲ್ಲೇ ಇರುತ್ತಿತ್ತು. ಬಿಡು ಅಂದರೆ, "ನೀ ಕಾಫಿ ಬಿಡು, ನಾ ಇದನ್ನ ಬಿಡ್ತೀನಿ" ಅನ್ನುತ್ತಿದ್ದಳು.

ಸಾವಿರದ ಒಂಬೈನೂರ ಎಪ್ಪತ್ತರ ಆಸುಪಾಸಿನ ಮಾತು. ಅವಳ ಎಮ್ಮೆ ಒಂದು ದಿನ ಇದ್ದಕ್ಕಿದ್ದಂತೆ ಅವಳ ಕೈಗೆ ಹಾಲು ಬಿಡುವುದನ್ನು ನಿಲ್ಲಿಸಿತು. ಭಾವ ಕುಳಿತರೆ ಕೊಡುತ್ತಿತ್ತು, ಪಕ್ಕದ ಮನೆಯವಳು ಕುಳಿತರೂ ಕೊಡುತ್ತಿತ್ತು, ಅಕ್ಕ ಹತ್ತಿರ ಬಂದರೆ ಹಿಂದೆ ಸರಿಯುತ್ತಿತ್ತು. ನಮ್ಮ ಕಡೆ ಇಂಥದ್ದಕ್ಕೆ ಒಂದೇ ಮದ್ದು. ಎಮ್ಮೆಗೆ ಯಾರದೋ ಕಣ್ಣು ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು, ಕೊರಳಿಗೆ ಕರಿ ದಾರ ಕಟ್ಟಿದರು. ಎಮ್ಮೆ ಹಾಲು ಬಿಡದಿದ್ದರೆ ತಪ್ಪು ಎಮ್ಮೆಯದು, ಇಲ್ಲವೇ ನೋಡಿದವರ ಕಣ್ಣಿನದು. ಹಿಂಡುವವಳಿಗೆ ಏನಾದರೂ ಆಗಿದೆಯೇ ಎಂದು ಯಾರೂ ನೋಡುವುದಿಲ್ಲ. ಕೆಲವು ತಿಂಗಳ ಮೇಲೆ ಅಕ್ಕನ ಕೆನ್ನೆಯ ಒಳಗಿನ ಹುಣ್ಣು ಮಾಯದೆ ಹೋದಾಗ ಬಳ್ಳಾರಿಗೆ ಕರೆತಂದೆವು. ಕ್ಯಾನ್ಸರ್ ಎಂದರು.

ಆ ವರ್ಷದ ಸುಸ್ತು ಇವತ್ತಿಗೂ ನನ್ನ ಮೈಯಲ್ಲಿದೆ. ಬೆಂಗಳೂರಿನ ರೈಲು, ಧರ್ಮಛತ್ರದ ನೆಲ, ಕರೆಂಟ್ ಕೊಡಿಸುವುದು ಎಂದು ನಾವು ಕರೆಯುತ್ತಿದ್ದ ಆ ವಿಕಿರಣ ಚಿಕಿತ್ಸೆ, ಗಂಜಿ ನುಂಗಲೂ ಅಳುತ್ತಿದ್ದ ಅಕ್ಕ. ಬದುಕಿದಳು, ಬಾಯಿ ಮಾತ್ರ ಮೊದಲಿನಷ್ಟು ತೆರೆಯುತ್ತಿರಲಿಲ್ಲ. ಊರಿಗೆ ಹೋದ ಕೆಲವು ದಿನಕ್ಕೆ ಆ ಎಮ್ಮೆ ಅವಳಿಗೆ ಹಾಲು ಬಿಟ್ಟಿತಂತೆ. ಅದನ್ನೊಂದು ದೊಡ್ಡ ಸುದ್ದಿಯ ಹಾಗೆ ಹೇಳಿದಳು. ನಾನು ನಕ್ಕೆ. ಹುಣ್ಣಿನ ವಾಸನೆಗೆ ನಾವೇ ಮೂಗು ಮುಚ್ಚಿಕೊಳ್ಳುತ್ತಿದ್ದೆವು, ಎಮ್ಮೆಗೆ ಮೂಗಿಲ್ಲವೇ ಎಂದೆ. ಆ ವಿವರಣೆ ಸರಿಯಾಗಿಯೇ ಇತ್ತು, ನನಗೆ ನೆಮ್ಮದಿಯೂ ಆಯಿತು.

ಅಕ್ಕ ಗುಣವಾಗಲೆಂದು ಅವಳ ಮನೆಯವರು ಹರಕೆ ಹೊತ್ತಿದ್ದರು, ಕುರುಗೋಡಿನ ಬಸವಣ್ಣನಿಗೆ ಹೋಗಿ ತೀರಿಸಿ ಬಂದೆವು. ಜಂಗಮರಿಗೆ ಊಟ ಹಾಕಿಸಿದ ಮೇಲೆ ಅಕ್ಕನ ಅತ್ತೆ, "ಇನ್ನ ಮುಗೀತು ಬಿಡ್ರಿ. ಸಿಡುಬು ಬಂದು ಹೋದ ಮೈಗೆ ಮತ್ತ ಸಿಡುಬು ಬರತೈತೇನು" ಅಂದರು. ಎಲ್ಲರಿಗೂ ಅದೇ ಲೆಕ್ಕ. ಒಂದು ಮೈಗೆ ದೊಡ್ಡ ರೋಗ ಒಂದೇ, ಅದನ್ನು ಉಂಡು ತೀರಿಸಿದರೆ ಮತ್ತೆ ಪಾಳಿ ಬರುವುದಿಲ್ಲ. ವಿಜ್ಞಾನದ ಟೀಚರ್ ಆದ ನಾನೂ ಅದಕ್ಕೆ ತಲೆಯಾಡಿಸಿದ್ದೆ. ವರ್ಷಕ್ಕೊಮ್ಮೆ ಅವಳನ್ನು ಬಳ್ಳಾರಿಯ ಡಾಕ್ಟರಿಗೆ ತೋರಿಸುತ್ತಿದ್ದೆವು, ಅವರು ಬಾಯಿ ನೋಡಿ, ಕುತ್ತಿಗೆ ಒತ್ತಿ ನೋಡಿ, ಚೆನ್ನಾಗಿದೆ ಎಂದು ಕಳಿಸುತ್ತಿದ್ದರು. ಏಳೆಂಟು ವರ್ಷ ಹಾಗೇ ಕಳೆಯಿತು.

ಈಗ ಆ ಬೆಳಗಿನ ಮಾತು. ಆಗಿನ ಬಳ್ಳಾರಿಯಲ್ಲಿ ಹಾಲಿನವರು ಎಮ್ಮೆಯನ್ನೇ ಮನೆ ಬಾಗಿಲಿಗೆ ಹೊಡೆದುಕೊಂಡು ಬಂದು, ಕಣ್ಣೆದುರಿಗೆ ಹಿಂಡಿಕೊಡುತ್ತಿದ್ದರು. ನೀರು ಬೆರೆಸಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ನಮ್ಮ ಓಣಿಗೆ ಬರುತ್ತಿದ್ದವನು ಕೊಳಗಲ್ಲಿನ ಹನುಮಂತಪ್ಪ. ಅಕ್ಕ ತಪಾಸಣೆಗೆ ಬಂದಾಗಲೆಲ್ಲ ಅವನನ್ನು ಎಬ್ಬಿಸಿ ತಾನೇ ಹಿಂಡಲು ಕೂರುತ್ತಿದ್ದಳು. ಊರು ಬಿಟ್ಟು ಬಂದರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಅವನಿಗೂ ಅದು ಒಂದು ತಮಾಷೆ.

ಹಿಂದಿನ ದಿನವಷ್ಟೇ ಡಾಕ್ಟರು ಬಾಯಿ ನೋಡಿ ಏನೂ ಇಲ್ಲ ಎಂದಿದ್ದರು. ಅಕ್ಕ ಖುಷಿಯಲ್ಲಿದ್ದಳು, ಸಿರುಗುಪ್ಪದ ಬಸ್ಸಿಗೆ ಚೀಲ ಕಟ್ಟಿಟ್ಟಿದ್ದಳು. ಊರಿನಲ್ಲಿ ಅವಳ ಎಮ್ಮೆಗಳು ಬತ್ತಿದ್ದವು, ಹಾಲು ಹಿಂಡದೆ ಕೆಲವು ತಿಂಗಳಾಗಿತ್ತು. ಚೊಂಬು ಹಿಡಿದು ಎಮ್ಮೆಯ ಪಕ್ಕ ಕುಳಿತಳು. ಹಿಂದಿನ ವರ್ಷ ಇದೇ ಎಮ್ಮೆಯನ್ನು ಹಿಂಡಿದ್ದಳು. ಕೆಚ್ಚಲಿಗೆ ಕೈ ಹಾಕಿದ್ದೇ ತಡ, ಅದು ಒದೆಯಲಿಲ್ಲ, ಹಾಯಲಿಲ್ಲ, ಸುಮ್ಮನೆ ಹಿಂದೆ ಸರಿದು ನಿಂತಿತು. ಅವಳು ಮತ್ತೆ ಹತ್ತಿರ ಹೋದಳು, ಅದು ಮತ್ತೆ ಸರಿಯಿತು. ಹನುಮಂತಪ್ಪ ಹಗ್ಗ ಹಿಡಿದು ನಿಲ್ಲಿಸಿದ. ಒಂದು ಹನಿ ಬರಲಿಲ್ಲ. ಅವನು ತಾನು ಕುಳಿತು ಎಳೆದ, ಹಾಲು ಸುರಿಯಿತು. ಅಕ್ಕ ಕೈ ತೊಳೆದು ಬಂದು ಕುಳಿತಳು, ನಿಂತುಹೋಯಿತು.

"ಹಿಂಗ ಯಾವತ್ತೂ ಮಾಡಿಲ್ರೀ ಅಮ್ಮಾರ, ಬಲು ಸಾಧು ಇದು" ಅಂದ ಅವನು.

ಅಕ್ಕ ಎದ್ದು ಬಂದು ಕಟ್ಟೆಯ ಮೇಲೆ ಕುಳಿತಳು. ಮುಖದಲ್ಲಿ ರಕ್ತ ಇರಲಿಲ್ಲ. "ನನಗ ತಿಳೀತು ತಂಗಿ" ಅಂದಳು. ನನಗೆ ಸಿಟ್ಟು ಬಂತು. ನಿನ್ನೆ ಡಾಕ್ಟರು ಇಲ್ಲ ಅಂದದ್ದನ್ನು ಇವತ್ತು ಎಮ್ಮೆ ಇದೆ ಅನ್ನುತ್ತದೆಯೇ, ಆಸ್ಪತ್ರೆಯ ಔಷಧಿ ವಾಸನೆ ಕೈಗೆ ಹತ್ತಿರಬೇಕು ಎಂದು ರೇಗಿದೆ. ಹಾಗೆಂದವಳೇ ಸೆರಗು ಸಿಕ್ಕಿಸಿಕೊಂಡು ನಾನೇ ಹೋಗಿ ಕುಳಿತೆ. ಆಸ್ಪತ್ರೆಯಲ್ಲಿ ಅವಳ ಜೊತೆ ನಾನೂ ಇದ್ದೆ, ಮನೆಯಲ್ಲಿ ಇಬ್ಬರಿಗೂ ಒಂದೇ ಸೋಪು, ವಾಸನೆಯಾದರೆ ನನಗೂ ಬಿಡಬಾರದು. ಹಾಲು ಹಿಂಡಿ ಎಷ್ಟೋ ವರ್ಷವಾಗಿತ್ತು, ಬೆರಳೂ ಸರಿಯಾಗಿ ಹಿಡಿಯುತ್ತಿರಲಿಲ್ಲ. ಆ ಎಮ್ಮೆ ಮೆಲುಕು ಹಾಕುತ್ತ ನಿಂತು ಚೊಂಬು ತುಂಬ ಹಾಲು ಕೊಟ್ಟಿತು.

ಅಕ್ಕ ಚೀಲ ತಗೊಂಡು ಬಸ್ ಸ್ಟ್ಯಾಂಡಿಗೆ ಹೊರಟುಬಿಟ್ಟಳು. ಡಾಕ್ಟರ ಹತ್ತಿರ ಮತ್ತೆ ಹೋಗೋಣ ಎಂದರೆ ಒಲ್ಲೆ ಅಂದಳು. "ಒಮ್ಮೆ ಸತ್ತು ಬಂದೀನಿ. ಮತ್ತ ಅದ ದಾರಿ ನಡಿಯಾಕ ನನ್ನ ಕಾಲಾಗ ಶಕ್ತಿ ಇಲ್ಲ. ಗೊತ್ತಿಲ್ದಂಗ ಇರ್ತೀನಿ, ಇದ್ದಷ್ಟು ದಿನ." ಬಾಗಿಲಲ್ಲಿ ಅಡ್ಡ ನಿಂತೆ. ಸುಳ್ಳು ಹೇಳಬಾರದು, ಎಮ್ಮೆಯನ್ನು ನಂಬಿ ನಿಂತಿರಲಿಲ್ಲ. ಅದು ಸುಳ್ಳೆಂದು ತೋರಿಸಿ, ಈ ಹುಚ್ಚನ್ನು ಅವಳ ತಲೆಯಿಂದ ತೆಗೆದು ಕಳಿಸೋಣ ಎಂದಿತ್ತು ನನಗೆ. ಅತ್ತು, ಬೈದು, ನನ್ನ ಆಣೆ ಹಾಕಿ ಕರೆದುಕೊಂಡು ಹೋದೆ.

ಡಾಕ್ಟರಿಗೆ ಎಮ್ಮೆಯ ವಿಷಯ ಹೇಗೆ ಹೇಳುವುದು. ಬಾಯಿಗೆ ಬಂದಂತೆ, ರಾತ್ರಿಯೆಲ್ಲ ಎದೆ ನೋವು ಅಂದಳು ಎಂದೆ. ನರ್ಸನ್ನು ಕರೆದು ನಿಲ್ಲಿಸಿಕೊಂಡು ಪರೀಕ್ಷೆ ಮಾಡಿದರು. ಬಲಗಡೆ ಏನೂ ಇಲ್ಲ. ಎಡ ಮೊಲೆಯ ಅಂಚಿಗೆ ಕೈ ಬಂದಾಗ ಅವರ ಬೆರಳು ಅಲ್ಲೇ ನಿಂತಿತು. ಕಡಲೆ ಕಾಳಿನಷ್ಟು ಗಟ್ಟಿ. ಅಲ್ಲಿ ಅಂಥದ್ದೊಂದು ಇದೆಯೆಂದು ಅಕ್ಕನಿಗೇ ಗೊತ್ತಿರಲಿಲ್ಲ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದೂ ಕ್ಯಾನ್ಸರೇ.

ಹಳೆಯದೇ ಹರಡಿತೇನು ಎಂದು ನಾನು ಕೇಳಿದೆ. ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ಅವರೂ ದಣಿದಿದ್ದರು. "ಇಲ್ರಿ ಟೀಚರ್. ಇದು ಅದರ ಬೇರಲ್ಲ. ಅದು ಬ್ಯಾರೆ, ಇದು ಬ್ಯಾರೆ. ಒಂದ ಮನಿಗೆ ಇಬ್ಬರು ಕಳ್ಳರು ಬಂದಂಗ, ಒಬ್ಬನ ಗುರ್ತು ಒಬ್ಬನಿಗಿಲ್ಲ. ಕೆಲವರ ಮೈಯಾಗ ಹಿಂಗ ಆಗತೈತಿ, ಯಾಕ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಇಷ್ಟು ಸಣ್ಣದಿದ್ದಾಗ ಬಂದ್ರಲ್ಲ, ಅದು ಪುಣ್ಯ." ಕುರುಗೋಡಿನಲ್ಲಿ ನಾವೆಲ್ಲ ನೆಮ್ಮದಿಯಿಂದ ಉಂಡ ಊಟ ನೆನಪಾಗಿ ನಾನು ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟೆ.

ಆಪರೇಷನ್ ಆಯಿತು. ಈ ಸಲ ಬೇಗ ಹಿಡಿದಿದ್ದರಿಂದ ಬದುಕಿದಳು, ಮೊಮ್ಮಕ್ಕಳನ್ನು ಎತ್ತಿದಳು, ಬಹಳ ವರ್ಷದ ಮೇಲೆ ಮುಪ್ಪಿನಲ್ಲಿ ನಿದ್ದೆಯಲ್ಲೇ ಹೋದಳು. ಆದರೆ ತನ್ನ ಎಮ್ಮೆಗಳನ್ನು ಸಿರುಗುಪ್ಪದ ಸಂತೆಯಲ್ಲಿ ಮಾರಿಸಿಬಿಟ್ಟಿದ್ದಳು, ಮತ್ತೆಂದೂ ಹಾಲು ಹಿಂಡಲು ಕೂರಲಿಲ್ಲ. ಸ್ವಲ್ಪ ಧೈರ್ಯ ಬಂದ ಮೇಲೆ ಡಾಕ್ಟರಿಗೆ ನಿಜ ಹೇಳಿದೆ. ಪ್ರಾಣಿಗಳಿಗೆ ಮೂಗು ಚುರುಕು, ನಮಗೆ ತಿಳಿಯದ ವಾಸನೆ ಇದ್ದರೂ ಇರಬಹುದು ಎಂದರು. ಮೊದಲಿನದಕ್ಕೆ ನಾನೂ ಅದನ್ನೇ ಹೇಳಿದ್ದೆ. ಆದರೆ ಅಲ್ಲಿ ಬಾಯಿ ತೆರೆದರೆ ನಾರುವ ಹುಣ್ಣಿತ್ತು. ಇಲ್ಲಿ ಚರ್ಮದ ಕೆಳಗೆ ಒಂದು ಕಾಳು, ಅದೂ ವರ್ಷಕ್ಕೊಮ್ಮೆ ಅವಳನ್ನು ನೋಡುವ ಬೇರೆ ಊರಿನ ಎಮ್ಮೆ. ಕಾಕತಾಳೀಯ ಎನ್ನೋಣವೆಂದರೆ ನಾಲಿಗೆ ಏಳುವುದಿಲ್ಲ. ವಾಸನೆ ಎನ್ನೋಣವೆಂದರೆ ಬುದ್ಧಿ ಪೂರ್ತಿ ಒಪ್ಪುವುದಿಲ್ಲ. ನಿಮಗೆ ತಿಳಿದರೆ ಹೇಳಿ, ನನಗಂತೂ ತಿಳಿದಿಲ್ಲ.

ಆಪರೇಷನ್ ಆದ ಮೂರನೇ ದಿನವೋ ನಾಲ್ಕನೇ ದಿನವೋ, ಆಸ್ಪತ್ರೆಯಲ್ಲಿ ಅವಳ ತಲೆ ಬಾಚುತ್ತಿದ್ದೆ. ಒಬ್ಬಳೇ ಹೆಂಗಸಿಗೆ ಎರಡು ಸಲ ಈ ಸಂಕಟ ಕೊಟ್ಟನಲ್ಲ ದೇವರು ಎಂದು ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ.

"ಅವತ್ತು ಎಮ್ಮಿ ನನಗ ಹಾಲು ಬಿಡಲಿಲ್ಲ ಅಂತ ನಾ ಹೆದರಿದ್ನಿ, ಖರೆ" ಅಂದಳು. "ಆದರ ನೀ ಹೋಗಿ ಅದರ ಕೆಳಗ ಕುಂತಿ ನೋಡು, ಆಗ ನನ್ನ ಜೀವ ಬಾಯಿಗೆ ಬಂದಿತ್ತು. ನಿನ್ನ ಚೊಂಬಿನಾಗ ಹಾಲು ಬಿದ್ದ ಸಪ್ಪಳ ಕೇಳಿದ್ನಿ. ಸಾಕು, ಎರಡನೇದೂ ನನಗ ಬರಲಿ ಅಂದ್ನಿ."