ಎರಡನೆಯ ಕೂಗು

ಮೌಲಾಲಿ ಅಣ್ಣ ಹಾಡುವಾಗ ಜನರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಮೈಕು ಹಿಡಿದು, ಡ್ರಮ್ಮಿನ ಕಡೆ ತಿರುಗಿ, ಕಣ್ಣು ಮುಚ್ಚಿ ಒದರುತ್ತಿದ್ದರು. ಡ್ರಮ್ಮು ಬಾರಿಸುವವಳು ನಾನು. ಹಾಗಾಗಿ ಹಾಡುವ ಹೊತ್ತಿನ ಅವರ ಮುಖ ಕಂಡದ್ದು ನನಗೊಬ್ಬಳಿಗೇ. ವೇದಿಕೆ ಇಳಿದರೆ ಅದೇ ಮನುಷ್ಯನ ಮಾತು ಕೇಳಲು ಹತ್ತಿರ ಬಾಗಬೇಕು. ಹೋಟೆಲಿನವನಿಗೆ ಚಹಾ ಎಂಬುದನ್ನೂ ಎರಡು ಸಲ ಹೇಳಬೇಕಾಗುತ್ತಿತ್ತು.

"ಜನರ ಕಡೆ ಯಾಕ ನೋಡಂಗಿಲ್ಲ ಅಣ್ಣಾ?" ಎಂದು ಕೇಳಿದ್ದೆ.

"ಅಂಜಿಕಿ ಬರ್ತದವ್ವ."

"ಅವರಿಗೇನು?"

"ಅವರಿಗ್ಯಾಕ, ನನಗ."

ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಯಾರ್ಡಿನಲ್ಲಿ ಅವರ ಕೆಲಸ. ಮೀಸೆ ಮೂಡುವ ವಯಸ್ಸಿನಲ್ಲಿ ವಾಡಿಯ ಗೆಳೆಯ ಸಿದ್ದುವಿನ ಜೊತೆ ಬ್ಯಾಂಡು ಕಟ್ಟಿ, ಊರಿನ ಹಾಸುಗಲ್ಲಿನ ಹೆಸರನ್ನೇ ಇಟ್ಟರು: ಫರ್ಶಿ. ಇಬ್ಬರ ತಲೆಯೂ ನರೆತ ಮೇಲೆ, ಹೊಸ ಆಲ್ಬಮ್ಮಿಗೆಂದು ನನ್ನನ್ನು ಕರೆದರು. ಗಿಟಾರಿನ ಗದ್ದಲ, ತಟ್ಟನೆ ಬೀಳುವ ಮೌನ, ಮತ್ತೆ ಗದ್ದಲದ ಮೇಲೇರಿ ಬರುವ ಕೂಗು. ಪೋಸ್ಟ್-ಹಾರ್ಡ್‌ಕೋರ್ ಅನ್ನುತ್ತಾರೆ ಎಂದು ಸಿದ್ದು ಕೇಳಿದವರಿಗೆಲ್ಲ ವಿವರಿಸುತ್ತಿದ್ದ. ಅಣ್ಣ ಮಾತ್ರ "ನಮ್ದು ಒದರಾಟ ನೋಡ್ರಿ" ಎಂದು ಮುಗಿಸುತ್ತಿದ್ದರು. ಚಿತ್ತಾಪುರದಲ್ಲಿ ಒಬ್ಬ ಅಜ್ಜಿ ಹಾಡು ಮುಗಿಯುವ ತನಕ ನಿಂತಿದ್ದು ಹತ್ತಿರ ಬಂದು, "ಯಾರ ಸತ್ತಾರೋ ಯಪ್ಪಾ ನಿಂದು?" ಎಂದು ಕೇಳಿದಳು. ಅಣ್ಣ ನಗಲಿಲ್ಲ. "ನಮ್ಮಣ್ಣ ಬೇ, ಭಾಳ ದಿನ ಆತು" ಎಂದರು. ಅದು ಚೇಷ್ಟೆಯೆಂದೇ ನಾನು ಅಂದುಕೊಂಡಿದ್ದೆ.

ಕಲ್ಲು ಸಾಗಿಸುವ ಟೆಂಪೊದಲ್ಲೇ ನಮ್ಮ ತಿರುಗಾಟ. ಚಪ್ಪಡಿ ಒಡೆಯದಂತೆ ಹಾಸಿದ ಹುಲ್ಲಿನ ಮೇಲೆ ಸ್ಪೀಕರುಗಳು, ಅವುಗಳ ನಡುವೆ ನಾವು. ಶನಿವಾರ ಸೇಡಂನಲ್ಲಿ ನಾನು ಪಾಠ ಮಾಡುವ ಶಾಲೆ ಮುಗಿಸಿ ಹತ್ತಿಕೊಳ್ಳುತ್ತಿದ್ದೆ. ಕೋಡ್ಲಾ ದಾಟುವ ಹೊತ್ತಿಗೆ ಕಲ್ಲಿನ ಧೂಳಿಗೆ ಎಲ್ಲರ ಹುಬ್ಬೂ ಬೆಳ್ಳಗಾಗಿರುತ್ತಿತ್ತು. ಪ್ರತಿ ಕಾರ್ಯಕ್ರಮದ ಬಳಿಕ ಊರು, ವಾರ, ನುಡಿಸಿದ ಹಾಡುಗಳು, ಅಣ್ಣನ ಗಂಟಲು ಹೇಗಿತ್ತು ಎಂಬುದನ್ನು ದಿನಚರಿಯಲ್ಲಿ ಬರೆಯುವುದು ನನ್ನ ರೂಢಿ. "ಬರಿ ಬರಿ, ಮುಂದ ಡಾಕ್ಟರಿಗಿ ತೋರಸ್ಲಿಕ್ಕ ಬರ್ತದ" ಎಂದು ಅವರು ಕಾಡುತ್ತಿದ್ದರು.

ಹೊಸ ಆಲ್ಬಮ್ಮಿನ ಕೊನೆಯ ಹಾಡು ಅವರ ಅಪ್ಪನ ಕೂಗಿನಿಂದ ಹುಟ್ಟಿದ್ದು. ಅಪ್ಪ ರಾವೂರಿನ ಗಣಿಯಲ್ಲಿ ಬಂಡೆಗೆ ಮದ್ದು ತುಂಬಿ ಬೆಂಕಿ ಹಚ್ಚುತ್ತಿದ್ದವರು. ಹಚ್ಚಿದೊಡನೆ "ಹಚ್ಚೀನ್ರೋ, ಸರೀರೋ" ಎಂದು ಕೂಗಬೇಕು. ಎಲ್ಲರೂ ಗೋಡೆಯ ಮರೆಗೆ ಓಡಿ ತಲೆಯ ಮೇಲೆ ಕೈಯಿಟ್ಟು ಕೂರುತ್ತಾರೆ. ಬಂಡೆ ಸಿಡಿದ ಮೇಲೆ "ಆತ್ರೋ, ಬರ್ರೋ" ಎಂಬ ಎರಡನೆಯ ಕೂಗು. ಅದನ್ನು ಮೊದಲು ಕೂಗಿದವನೇ ಕೂಗಬೇಕು. ಬೇರೆಯವರ ಧ್ವನಿಗೆ ಯಾರೂ ಏಳುವಂತಿಲ್ಲ.

ಆ ಹಾಡನ್ನು ಮೊದಲ ಸಲ ನುಡಿಸಿದ್ದು ರಾವೂರಿನಲ್ಲೇ. ಅಣ್ಣ ಎಂದಿನಂತೆ ಬೆನ್ನು ಮಾಡಿ ಮೊದಲ ಕೂಗು ಹಾಕಿದರು. ಕೇಳುತ್ತ ಕೂತಿದ್ದವರು ಗಣಿಯ ಕೆಲಸಗಾರರು. ಅಷ್ಟೂ ಮಂದಿ ಎದ್ದು ಪಂಚಾಯಿತಿ ಕಟ್ಟಡದ ಹಿಂದೆ ಓಡಿದರು. ನನ್ನ ಕೈ ನಿಂತಿತು. ಗಿಟಾರಿನ ಮೇಲೆ ಸಿದ್ದುವಿನದೂ ನಿಂತಿತು. ಅಣ್ಣ ಕಣ್ಣು ಬಿಟ್ಟು ತಿರುಗಿದರೆ ಎದುರಿಗೆ ಬರೀ ಕುರ್ಚಿಗಳು. ಗೋಡೆಯ ಹಿಂದಿನಿಂದ ಯಾರೋ, "ಯಾಕೋ ಮೌಲಾಲಿ, ಮದ್ದು ಹಸಿ ಆಗ್ಯಾದೇನು?" ಎಂದರು. ಆಗ ಅವರು ಜನರ ಕಡೆಗೆ ನಿಂತು ಎರಡನೆಯ ಕೂಗು ಹಾಕಿದರು. ಎಲ್ಲರೂ ನಗುತ್ತ, ಮಣ್ಣು ಝಾಡಿಸಿಕೊಳ್ಳುತ್ತ ಬಂದು ಕೂತರು. ಅಂದಿನಿಂದ ಎರಡು ಕೂಗುಗಳ ನಡುವಿನ ಆ ಮೌನ ಹಾಡಿನ ಭಾಗವಾಯಿತು.

ಚಿಂಚೋಳಿಯ ಕಾರ್ಯಕ್ರಮ ಮುಗಿಸಿ ಬಂದ ವಾರ ಅವರ ಧ್ವನಿ ಒಡೆಯತೊಡಗಿತು. ಗಂಟಲಲ್ಲಿ ಗಡ್ಡೆ ಎಂದರು ಕಲಬುರಗಿಯ ಡಾಕ್ಟರು. ತೆಗೆದರೆ ಧ್ವನಿಯೂ ಹೋಗುತ್ತದೆ. ಆಲ್ಬಮ್ಮಿಗೆ ರೆಕಾರ್ಡು ಮಾಡಲು ಉಳಿದದ್ದು ಎರಡನೆಯ ಕೂಗು ಮಾತ್ರ. ವಾಡಿಯ ಸಿದ್ದುವಿನ ಮನೆಯಲ್ಲಿ ಮೈಕಿನ ಮುಂದೆ ನಿಂತು ಮತ್ತೆ ಮತ್ತೆ ಯತ್ನಿಸಿದರು. ಉಸಿರು ಬಂತು, ಕೂಗು ಬರಲಿಲ್ಲ.

"ಈಕಿ ಕೂಗ್ಲಿ ಬಿಡೋ. ಯಾರಿಗಿ ಗೊತ್ತಾಗ್ತದ?" ಎಂದ ಸಿದ್ದು, ನನ್ನ ಕಡೆ ಕೈ ತೋರಿಸಿ.

ಅಣ್ಣ ಮೈಕಿನಿಂದ ಹಿಂದೆ ಸರಿದು ಕೂತರು. "ಗಣ್ಯಾಗ ಒಂದಿನ ಅಪ್ಪ ಎರಡು ಕಡಿ ಮದ್ದು ಹಚ್ಚಿದ್ದ. ಒಂದು ಹಾರಿತ್ತು, ಒಂದು ಉಳದಿತ್ತು. ಯಾರೋ ಜಲ್ದಿ ಮಾಡಿ ಆತ್ರೋ ಅಂದ. ನಮ್ಮಣ್ಣ ಎದ್ದು ಹೋದ." ನೀರು ಕುಡಿದು, "ಖಾಲಿ ಬಿಡು ಸಿದ್ದು. ಬದಲಿ ಕೂಗು ಬ್ಯಾಡ" ಎಂದರು.

ಚಿತ್ತಾಪುರದ ಅಜ್ಜಿಗೆ ಅವರು ಹೇಳಿದ್ದು ನಿಜವೇ ಆಗಿತ್ತು. ಆಲ್ಬಮ್ಮು ಆ ಮೌನದಲ್ಲೇ ಮುಗಿಯುತ್ತದೆ.

ಆಪರೇಷನ್ನಿಗೆ ಮುಂಚಿನ ಭಾನುವಾರ ಶಹಾಬಾದಿನ ಯಾರ್ಡಿನಲ್ಲೇ ಕೊನೆಯ ಕಾರ್ಯಕ್ರಮ. ಬೇಡವೆಂದು ಸಿದ್ದು ಜಗಳವಾಡಿದ. "ಇರೋತನಕ ನಂದೇ ಅಲ್ಲೇನೋ ಗಂಟಲಾ?" ಎಂದರು ಅಣ್ಣ. ಮೊದಲ ಕೂಗು ಹೇಗೋ ಬಂತು. ಜೊತೆಗೆ ಕೆಲಸ ಮಾಡುವವರು, ಅವರ ಮಕ್ಕಳು, ಎಲ್ಲರೂ ಜೋಡಿಸಿಟ್ಟ ಕಲ್ಲುಗಳ ಮರೆಗೆ ಹೋಗಿ ಕೂತರು. ಅಣ್ಣ ಜನರ ಕಡೆ ತಿರುಗಿ ಬಾಯಿ ತೆರೆದರು. ಏನೂ ಬರಲಿಲ್ಲ. ಮತ್ತೆ ತೆರೆದರು. ಸಮಯ ಸರಿಯಿತು, ಒಬ್ಬರೂ ಏಳಲಿಲ್ಲ.

ಅವರು ಮೈಕು ಕೆಳಗಿಟ್ಟು ಇಳಿದರು. ಕಲ್ಲುಗಳ ಹಿಂದೆ ಹೋಗಿ, ಒಬ್ಬೊಬ್ಬರ ಮುಂದೂ ಬಾಗಿ, ಹೆಗಲು ಮುಟ್ಟಿ ಏಳಿಸಿದರು. ಮುಟ್ಟಿಸಿಕೊಂಡವರು ಎದ್ದು ನಿಂತರು. ಕೊನೆಯ ಸಾಲಿಗೆ ಬರುವಾಗ ಕೆಮ್ಮು ಹತ್ತಿ, ರಕ್ತ ಬಂತು. ಹಾಗೆಯೇ ಅವರನ್ನು ಟೆಂಪೊದಲ್ಲಿ ಕಲಬುರಗಿಗೆ ಒಯ್ದರು. ನನ್ನ ಹೆಗಲವರೆಗೆ ಅವರ ಕೈ ಬಂದಿರಲಿಲ್ಲ. ನಾನು ಡ್ರಮ್ಮಿನ ಹಿಂದೆ ಕೋಲು ಹಿಡಿದು ಕೂತೇ ಇದ್ದೆ.

ಆಪರೇಷನ್ ಆದ ಮೇಲೆ ಒಂದು ಬುಧವಾರ ನೋಡಲು ಹೋದೆ. ಕುತ್ತಿಗೆಗೆ ಪಟ್ಟಿ, ಮುಖ ಸಣ್ಣದಾಗಿತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಆಲ್ಬಮ್ಮಿನ ಸುದ್ದಿ ಹೇಳಿದೆ: ರಾವೂರಿನ ಹುಡುಗರು ಅದನ್ನು ಟ್ರ್ಯಾಕ್ಟರಿನಲ್ಲಿ ಹಾಕುತ್ತಾರೆ, ಕೊನೆಯ ಹಾಡು ಮುಗಿದ ಮೇಲೆ ಬೇರೆ ಹಾಡು ಹಾಕಲು ಯಾರೂ ಕೈ ಚಾಚುವುದಿಲ್ಲ. ಕೇಳುತ್ತ ತಲೆಯಾಡಿಸಿದರು. ಹೊತ್ತಾಯಿತೆಂದು ನರ್ಸ್ ಬಂದು ಹೇಳಿದರೂ ನನಗೆ ಏಳಲಾಗಲಿಲ್ಲ.

ಅಣ್ಣ ನನ್ನನ್ನೇ ನೋಡಿದರು. ಸಲೈನು ಚುಚ್ಚಿದ್ದ ಕೈಯನ್ನು ನಿಧಾನಕ್ಕೆ ಎತ್ತಿ ನನ್ನ ಹೆಗಲ ಮೇಲಿಟ್ಟರು. ತುಟಿ ಅಲುಗಿತು: ಆತವ್ವ.

ಮುಂದಿನ ಭೇಟಿಗೆ ಅವರು ಉಳಿಯಲಿಲ್ಲ. ಆ ಬುಧವಾರ ನಾನು ಎದ್ದು ಬಂದೆ.